ಟಾಲ್‌ಸ್ಟಾಯ್ ಮೇಷ್ಟ್ರ ಶಾಲೆಯಲ್ಲಿ ಹುಟ್ಟಿದ ಕತೆ

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನಾಲ್ಕನೆಯ ತರಗತಿಯ ಮಗುವಿಗೆ ಹಸುವಿನ ಬಗ್ಗೆ ಪ್ರಬಂಧ ಬರೆ ಎಂದರೆ ಅದು ಏನು ಬರೆಯುತ್ತದೆಂದು ನಮಗೆಲ್ಲ ಗೊತ್ತು. ಹಸು ಒಂದು ಸಾಕುಪ್ರಾಣಿ. ಅದಕ್ಕೆ ನಾಲ್ಕು ಕಾಲುಗಳಿವೆ. ಎರಡು ಕೊಂಬುಗಳಿವೆ. ಅದು ನಮಗೆ ಹಾಲು ಕೊಡುತ್ತದೆ. ಇದರಲ್ಲಿ ಒಂದು ವಾಕ್ಯವೂ ತಪ್ಪಲ್ಲ. ಆದರೆ ಹಿಂದಿನ ರಾತ್ರಿ ಅದೇ ಮಗುವಿನ ಮನೆಯಲ್ಲಿ ಹಸು ಕರು ಹಾಕಿರಬಹುದು. ಅಪ್ಪ ಟಾರ್ಚು ಹಿಡಿದು ಕೊಟ್ಟಿಗೆಯಲ್ಲಿ ಕೂತದ್ದನ್ನು ಮಗು ಬಾಗಿಲ ಸಂದಿಯಿಂದ ನೋಡಿರಬಹುದು. ಬೆಳಿಗ್ಗೆ ಶಾಲೆಗೆ ಬರುವ ದಾರಿಯಲ್ಲಿ ಗೆಳೆಯನಿಗೆ ಅದನ್ನೆಲ್ಲ ಅಭಿನಯಿಸಿ ಹೇಳಿಯೂ ಇರಬಹುದು. ನೋಟುಪುಸ್ತಕ ತೆರೆದೊಡನೆ ಆ ಕರು ಮಾಯವಾಗಿ, ನಾಲ್ಕು ಕಾಲು ಎರಡು ಕೊಂಬು ಮಾತ್ರ ಉಳಿಯುತ್ತವೆ. ಹೀಗೇಕೆ?

ಈ ಪ್ರಶ್ನೆಯ ಬೆನ್ನು ಹತ್ತಿದ ಒಬ್ಬ ಮೇಷ್ಟ್ರ ಕತೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವರ ಹೆಸರು ಲಿಯೊ ಟಾಲ್‌ಸ್ಟಾಯ್. 'ಯುದ್ಧ ಮತ್ತು ಶಾಂತಿ' ಬರೆಯುವುದಕ್ಕೆ ಮುಂಚಿನ ಮಾತಿದು. 1859ರಲ್ಲಿ ಅವರು ರಷ್ಯಾದ ಯಾಸ್ನಯ ಪೊಲ್ಯಾನ ಎಂಬ ತಮ್ಮ ಹಳ್ಳಿಯಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದರು. ಅಲ್ಲಿ ರೈತರ ಜೀತ ರದ್ದಾದದ್ದು 1861ರಲ್ಲಿ. ಎಂದರೆ, ಜಮೀನುದಾರನ ಸೊತ್ತು ಎಂದು ಲೆಕ್ಕಕ್ಕೆ ಸಿಗುತ್ತಿದ್ದ ಮನೆಗಳಿಂದ ಬಂದ ಮಕ್ಕಳು ಇವರು. ಶುಲ್ಕವಿರಲಿಲ್ಲ, ಮನೆಪಾಠವಿರಲಿಲ್ಲ, ಶಿಕ್ಷೆಯ ಭಯವೂ ಇರಲಿಲ್ಲ. ಶಾಲೆಯ ಅನುಭವಗಳನ್ನು ಟಾಲ್‌ಸ್ಟಾಯ್ 1862ರಲ್ಲಿ ತಾವೇ ಹೊರಡಿಸಿದ ಪತ್ರಿಕೆಯೊಂದರಲ್ಲಿ ಬಿಡದೆ ದಾಖಲಿಸಿದರು.

ಮೊದಲ ಪ್ರಯತ್ನ ಸೋತಿತು

ಆರಂಭದಲ್ಲಿ ಅವರೂ ನಮ್ಮ ಹಾಗೆಯೇ ಯೋಚಿಸಿದರು. ಚಿಕ್ಕ ಮಕ್ಕಳಿಗೆ ಸರಳ ವಸ್ತು ಕೊಡಬೇಕು ಎಂದು ರೊಟ್ಟಿಯ ಬಗ್ಗೆ, ಗುಡಿಸಲಿನ ಬಗ್ಗೆ, ಮರದ ಬಗ್ಗೆ ಬರೆಯಲು ಹೇಳಿದರು. ಧಾನ್ಯ ಹೇಗೆ ಬೆಳೆಯುತ್ತದೆ, ರೊಟ್ಟಿ ಹೇಗಾಗುತ್ತದೆ, ಅದರ ಉಪಯೋಗವೇನು ಎಂದು ದಾರಿಯನ್ನೂ ತೋರಿಸಿದರು. ಮಕ್ಕಳಿಗೆ ಅಳುವೇ ಬರುವಂತಾಯಿತು. ರೊಟ್ಟಿಯ ಬಗ್ಗೆ ಬರೆಯುವುದಕ್ಕೆ ಏನಿದೆ? ಆದರೆ ನಡೆದ ಒಂದು ಘಟನೆಯನ್ನು ಬರೆಯಿರಿ ಎಂದಾಗ ಅದೇ ಮಕ್ಕಳು ಗೆಲುವಾದರು. ನಮಗೆ ಸರಳವೆಂದು ತೋರುವುದು ಮಗುವಿಗೆ ಸರಳವಲ್ಲ, ಮಗುವಿಗೆ ಸುಲಭವಾಗುವುದು ಜೀವವಿರುವ ವಿಷಯ ಎಂಬುದು ಟಾಲ್‌ಸ್ಟಾಯ್ ಕಂಡುಕೊಂಡ ಮೊದಲ ಸತ್ಯ.

ಆಮೇಲೊಂದು ದಿನ ಅವರು ತರಗತಿಗೆ ಒಂದು ರಷ್ಯನ್ ಗಾದೆ ಕೊಟ್ಟು ಕತೆ ಬರೆಯಲು ಹೇಳಿದರು. ಚಮಚದಲ್ಲಿ ಉಣ್ಣಿಸಿ ಅದರ ಹಿಡಿಯಿಂದಲೇ ಕಣ್ಣಿಗೆ ಚುಚ್ಚುವುದು ಎಂದು ಅದರ ಅರ್ಥ. ಉಪಕಾರ ಮಾಡಿ ಹಂಗಿಸುವವರನ್ನು ಕುರಿತದ್ದು. ಇದು ಬಹಳ ಕಷ್ಟ, ನೀವೇ ಬರೆಯಿರಿ ಎಂದರು ಮಕ್ಕಳು. ಟಾಲ್‌ಸ್ಟಾಯ್ ಬರೆಯಲು ಕೂತರು. ರೈತನೊಬ್ಬ ಭಿಕ್ಷುಕನಿಗೆ ಆಶ್ರಯ ಕೊಟ್ಟು, ಆಮೇಲೆ ಹಂಗಿಸತೊಡಗುತ್ತಾನೆ. ಇದು ಅವರ ಕಲ್ಪನೆ. ಮೊದಲ ಪುಟ ಓದಿ ಹೇಳಿದಾಗ ಮಕ್ಕಳು ಸುತ್ತ ನೆರೆದು ಹೀಗಲ್ಲ, ಹಾಗೆ ಎಂದು ತಿದ್ದತೊಡಗಿದರು. ಕ್ರಮೇಣ ಉಳಿದವರು ಚದುರಿ ಸ್ಯೋಮ್ಕಾ, ಫೆದ್ಕಾ ಎಂಬ ಇಬ್ಬರು ಹುಡುಗರು ಮಾತ್ರ ಉಳಿದರು. ಸಂಜೆ ಏಳರಿಂದ ರಾತ್ರಿ ಹನ್ನೊಂದರವರೆಗೆ ಅವರು ಹೇಳುತ್ತ ಹೋದರು, ಟಾಲ್‌ಸ್ಟಾಯ್ ಬರೆದುಕೊಳ್ಳುತ್ತ ಹೋದರು.

ಹೆಂಗಸಿನ ಕೋಟು

ಕತೆಯಲ್ಲಿ ರಾತ್ರಿ ಹೊತ್ತು ನೆಂಟನೊಬ್ಬ ಬರುವ ಸಂದರ್ಭವಿದೆ. ಅವನು ಹೆಂಗಸಿನ ತುಪ್ಪುಳದ ಕೋಟು ಹಾಕಿಕೊಂಡು ಬಂದ ಎಂದ ಫೆದ್ಕಾ. ಹೆಂಗಸಿನ ಕೋಟು ಯಾಕೆ ಎಂದು ಟಾಲ್‌ಸ್ಟಾಯ್ ಕೇಳಿದರು. ಹುಡುಗ ಕಾರಣ ಕೊಡಲಿಲ್ಲ. ಅದೇ ಚೆನ್ನ ಎಂದ. ಯೋಚಿಸಿದಾಗ ಅವರಿಗೆ ಅದರ ಮರ್ಮ ಹೊಳೆಯಿತು. ಅವಸರದಲ್ಲಿ ಹೊರಟವನು ಬೆಂಚಿನ ಮೇಲೆ ಮೊದಲು ಕೈಗೆ ಸಿಕ್ಕಿದ್ದನ್ನು ತೊಟ್ಟಿದ್ದಾನೆ. ಆ ಒಂದು ಕೋಟಿನಿಂದ ಚಳಿಗಾಲದ ರಾತ್ರಿ, ರೈತನ ಗುಡಿಸಲು, ಆ ಬಡಕಲು ನೆಂಟ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಆಗಲೇ ಲೇಖಕರೆಂದು ಹೆಸರಾಗಿದ್ದ ಟಾಲ್‌ಸ್ಟಾಯ್ ಬೆರಗಾದರು. ಸ್ಯೋಮ್ಕಾ ಕಂಡದ್ದನ್ನೆಲ್ಲ ಸಾಲಾಗಿ ಸುರಿಯುತ್ತಿದ್ದ. ಫೆದ್ಕಾ ಭಾವನೆಯನ್ನು ಎಬ್ಬಿಸುವುದನ್ನು ಮಾತ್ರ ಹೆಕ್ಕುತ್ತಿದ್ದ.

ಇನ್ನೊಂದು ಸಂಗತಿಯನ್ನು ಶಿಕ್ಷಕರು ಗಮನಿಸಬೇಕು. ಟಾಲ್‌ಸ್ಟಾಯ್ ಬರೆಯುವುದನ್ನು ನಿಲ್ಲಿಸಿದಾಗ ಹುಡುಗರು ಸಿಟ್ಟಾಗಿ ಸರದಿಯಂತೆ ತಾವೇ ಬರೆಯಲು ನೋಡಿದರು. ಆದರೆ ಸ್ವಲ್ಪ ಹೊತ್ತಿಗೇ ಕೈಬಿಟ್ಟರು. ಕತೆ ಬರಿದಾಗಿರಲಿಲ್ಲ. ಅಕ್ಷರ ಮೂಡಿಸುವ ಶ್ರಮ ಯೋಚನೆಯ ದಾರಿಗೆ ಅಡ್ಡ ಬಂದಿತ್ತು.

ಮುಂದೆ ಟಾಲ್‌ಸ್ಟಾಯ್ ಊರಲ್ಲಿಲ್ಲದಾಗ ಆ ಹಾಳೆಗಳು ಮಕ್ಕಳ ಕಾಗದದ ಪಟಾಕಿ ಆಟಕ್ಕೆ ಬಲಿಯಾದವು. ಅವರು ಬಹಳ ನೊಂದುಕೊಂಡರು. ಇಬ್ಬರು ಹುಡುಗರೂ ಅವರ ಮನೆಗೆ ಬಂದು ಕತೆಯನ್ನು ಮತ್ತೆ ಕಟ್ಟಿಕೊಟ್ಟರು. ಅದು 1862ರಲ್ಲಿ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಅನುಭವದಿಂದ ಟಾಲ್‌ಸ್ಟಾಯ್ ಬರೆದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ಬರೆಯುವುದನ್ನು ಯಾರು ಯಾರಿಂದ ಕಲಿಯಬೇಕು, ರೈತರ ಮಕ್ಕಳು ನಮ್ಮಿಂದಲೋ ಅಥವಾ ನಾವು ಅವರಿಂದಲೋ?

ನಾಲ್ಕು ಸೂತ್ರಗಳು

ಲೇಖನದ ಕೊನೆಯಲ್ಲಿ ಅವರು ನಾಲ್ಕು ಸೂತ್ರ ಕೊಟ್ಟಿದ್ದಾರೆ. ಒಂದು, ಮಕ್ಕಳಿಗೆ ಹಲವು ಬಗೆಯ ವಿಷಯ ಕೊಡಿ. ಅವು ಶಿಕ್ಷಕರಿಗೇ ಆಸಕ್ತಿ ಹುಟ್ಟಿಸುವ ಗಂಭೀರ ವಿಷಯಗಳಾಗಿರಲಿ. ಎರಡು, ಮಾದರಿಗಾಗಿ ಮಕ್ಕಳು ಬರೆದದ್ದನ್ನೇ ಮಕ್ಕಳಿಗೆ ಓದಿಸಿ. ಮೂರು, ಕತೆ ನೋಡುವಾಗ ಕೈಬರಹ, ಕಾಗುಣಿತ, ವಾಕ್ಯರಚನೆಗಳ ಬಗ್ಗೆ ಆಕ್ಷೇಪ ಎತ್ತಬೇಡಿ. ನಾಲ್ಕು, ಬರವಣಿಗೆಯ ಕೆಲಸಗಳನ್ನು ಬಿಡಿಸಿ ಒಂದೊಂದಾಗಿ ಮಗುವಿಗೆ ವಹಿಸಿ. ಹತ್ತು ಯೋಚನೆಗಳಲ್ಲಿ ಒಂದನ್ನು ಆರಿಸುವುದು, ಅದಕ್ಕೆ ಮಾತು ಹುಡುಕುವುದು, ಹೇಳಿದ್ದನ್ನು ನೆನಪಿಟ್ಟು ಮುಂದಿನದಕ್ಕೆ ಜೋಡಿಸುವುದು, ಯೋಚಿಸುತ್ತಲೇ ಬರೆಯುವುದು. ಇವನ್ನೆಲ್ಲ ಒಟ್ಟಿಗೇ ಹೇರಿದರೆ ಮಗು ಕುಸಿಯುತ್ತದೆ.

ಮೂರನೆಯ ಸೂತ್ರಕ್ಕೆ ನಿಮ್ಮ ಆಕ್ಷೇಪ ಬರುತ್ತದೆಂದು ಬಲ್ಲೆ. ಒತ್ತಕ್ಷರ ತಪ್ಪಿದರೆ ಸುಮ್ಮನಿರಬೇಕೇ? ಬೇಡ. ಕಾಗುಣಿತಕ್ಕೆ ಬೇರೆ ಗಂಟೆ ಇದೆ, ಅಲ್ಲಿ ಕಟ್ಟುನಿಟ್ಟಾಗಿ ಕಲಿಸೋಣ. ಆದರೆ ಅಜ್ಜಿ ತೀರಿಕೊಂಡ ದಿನದ ಬಗ್ಗೆ ಮಗು ಬರೆದ ಪುಟದಲ್ಲಿ ಕೆಂಪು ಶಾಯಿಯ ಗುರುತಷ್ಟೇ ಕಂಡರೆ, ಮಗು ಒಂದು ಪಾಠ ಕಲಿಯುತ್ತದೆ. ತಾನು ಕಂಡದ್ದು ಇಲ್ಲಿ ಯಾರಿಗೂ ಬೇಡ, ತಪ್ಪಿಲ್ಲದ ಎರಡು ಸಾಲು ಸಾಕು ಎಂಬ ಪಾಠ. ಹಸುವಿನ ನಾಲ್ಕು ಕಾಲುಗಳು ಹುಟ್ಟುವುದು ಅಲ್ಲಿಂದ. ಮನೆಮಾತಿನ ವಿಷಯವೂ ಅಷ್ಟೇ. ಕುಂದಾಪುರದ ಮಗುವಿನ ಅಜ್ಜಿ ಕತೆಯೊಳಗೆ ಕುಂದಾಪುರದ ಕನ್ನಡದಲ್ಲೇ ಮಾತಾಡಲಿ. ಧಾರವಾಡದ ಅಜ್ಜಿ ಪಠ್ಯಪುಸ್ತಕದ ಭಾಷೆಯಾಡಿದರೆ ಅವಳು ಆ ಮಗುವಿನ ಅಜ್ಜಿಯಾಗಿ ಉಳಿಯುವುದಿಲ್ಲ.

ಟಾಲ್‌ಸ್ಟಾಯ್ ಜಮೀನುದಾರರು, ಇಬ್ಬರು ಹುಡುಗರೊಂದಿಗೆ ರಾತ್ರಿಯವರೆಗೆ ಕೂರುವ ಬಿಡುವು ಅವರಿಗಿತ್ತು. ನಲವತ್ತು ಮಕ್ಕಳಿರುವ, ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಿಕ್ಷಕರಿಗೆ ಅದು ಸಾಧ್ಯವಿಲ್ಲ ನಿಜ. ಆದರೆ ಆ ಕತೆ ಆರಂಭವಾದದ್ದೂ ಇಡೀ ತರಗತಿಯ ನಡುವೆಯೇ. ವಾರಕ್ಕೊಂದು ಗಂಟೆ ಸೀಮೆಸುಣ್ಣ ಹಿಡಿದು ನೀವು ಬರೆಯುವವರಾಗಿ, ಮಕ್ಕಳು ಹೇಳುವವರಾಗಲಿ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯಿಂದಲೇ ಆರಂಭಿಸಬಹುದು. ಯಾರ ಹಿತ್ತಲು? ಯಾರಿಗೆ ಕಾಯಿಲೆ? ಆಮೇಲೇನಾಯಿತು? ಕೇಳುತ್ತ ಹೋಗಿ. ನನ್ನಂಥ ವರದಿಗಾರರ ಕಸುಬೂ ಈ ಪ್ರಶ್ನೆಗಳನ್ನೇ ನಂಬಿಕೊಂಡಿದೆ. ಯಾವುದೋ ಮೂಲೆಯ ಮಗು ಹೆಂಗಸಿನ ಕೋಟಿನಂಥ ಒಂದು ಮಾತು ಹೇಳುತ್ತದೆ. ಯಾಕೆ ಎಂದು ಕೇಳಿ, ಅಳಿಸಬೇಡಿ.

ಆ ರಾತ್ರಿ ಬರೆದು ಮುಗಿಸಿದ ಮೇಲೆ ಫೆದ್ಕಾ, ಇದನ್ನು ಅಚ್ಚು ಹಾಕಿಸುತ್ತೀರಾ ಎಂದು ಕೇಳಿದನಂತೆ. ಹೌದು ಎಂದಾಗ, ಮಕಾರೊವ್, ಮೊರೊಜೊವ್ ಮತ್ತು ಟಾಲ್‌ಸ್ಟಾಯ್ ಬರೆದದ್ದು ಎಂದು ಹಾಕಬೇಕು ಎಂದನಂತೆ. ಮಕಾರೊವ್ ಎಂದರೆ ಸ್ಯೋಮ್ಕಾ, ಮೊರೊಜೊವ್ ಎಂದರೆ ತಾನು. ಜೀತದ ನೆರಳಿನಿಂದ ಆಗಷ್ಟೇ ಹೊರಬಂದ ಹುಡುಗ ಜಮೀನುದಾರನ ಹೆಸರಿಗಿಂತ ಮೊದಲು ತಮ್ಮಿಬ್ಬರ ಹೆಸರಿಟ್ಟ. ಅವನೇ ಮುಂದೆ ವಸೀಲಿ ಮೊರೊಜೊವ್ ಎಂಬ ಹೆಸರಿನಲ್ಲಿ ತನ್ನ ಮೇಷ್ಟ್ರ ನೆನಪುಗಳನ್ನು ಬರೆದ. 1917ರಲ್ಲಿ ಅದು ಪುಸ್ತಕವಾಯಿತು. ನಮ್ಮ ಶಾಲೆಗಳ ಮಕ್ಕಳೂ ತಾವು ಬರೆದದ್ದರ ಮೇಲೆ ಅಷ್ಟೇ ಧೈರ್ಯದಿಂದ ಹೆಸರು ಹಾಕಿಕೊಳ್ಳುವಂತಾಗಲಿ.