ಹಳೆಯ ಕ್ಯಾಮೆರಾಕ್ಕೆ ಹೊಸ ಫ್ಲ್ಯಾಶ್



ಊರಿಗೆ ಹೋದಾಗ ಅಪ್ಪನ ಬೀರುವಿನಿಂದ ಹಳೆಯ ಫಿಲ್ಮ್ ಕ್ಯಾಮೆರಾ ತಂದಿಟ್ಟುಕೊಂಡವರು ನಿಮ್ಮಲ್ಲೂ ಇರಬಹುದು. ಮಗುವಿನ ನಾಮಕರಣಕ್ಕೆ ಅದರಲ್ಲೇ ನಾಲ್ಕು ಚಿತ್ರ ತೆಗೆಯುವ ಆಸೆ. ಆದರೆ ಛತ್ರದೊಳಗೆ ಬೆಳಕು ಸಾಲದು. ಈಗಿನ ಫ್ಲ್ಯಾಶ್ ಇದಕ್ಕೆ ಆಗುತ್ತದೆಯೇ?

ಧಾರಾಳವಾಗಿ ಆಗುತ್ತದೆ. ಅಪಾಯವಿರುವುದು ತಿರುಗುಮುರುಗು ಮಾಡಿದಾಗ. 1970ರ ದಶಕದ ಕೆಲವು ಫ್ಲ್ಯಾಶ್‌ಗಳ ಸಂಪರ್ಕದಲ್ಲಿ 200 ವೋಲ್ಟಿಗೂ ಹೆಚ್ಚು ಇರುತ್ತಿತ್ತು; ಅದನ್ನು ಡಿಜಿಟಲ್ ಕ್ಯಾಮೆರಾಕ್ಕೆ ಏರಿಸಿದರೆ ಒಳಗಿನ ಸರ್ಕ್ಯೂಟ್ ಸುಟ್ಟೀತು. ಈಗಿನ ಫ್ಲ್ಯಾಶ್‌ಗಳಲ್ಲಿ ಸಾಮಾನ್ಯವಾಗಿ ಕೆಲವೇ ವೋಲ್ಟ್. ಹಳೆಯ ಕ್ಯಾಮೆರಾದ ಲೋಹದ ಸ್ವಿಚ್ಚಿಗೆ ಅದೊಂದು ಲೆಕ್ಕವೇ ಅಲ್ಲ.

ನಮ್ಮ ಸ್ಟುಡಿಯೋಗಳಲ್ಲಿ ಬಹಳ ಕಾಲ ದುಡಿದ ಯಾಶಿಕಾ ಮ್ಯಾಟ್ 124ಜಿ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ಅದರ ಪಕ್ಕದಲ್ಲಿ ಫ್ಲ್ಯಾಶ್ ಕೂರಿಸುವ ಜಾಗವಿದೆ, ಆದರೆ ಅಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಮುಂಭಾಗದ ಪುಟ್ಟ ಪಿಸಿ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಬೇಕು. ಪಿಸಿ ಅಂದರೆ ನಿಮ್ಮ ಆಫೀಸಿನ ಕಂಪ್ಯೂಟರ್ ಅಲ್ಲ ಸ್ವಾಮಿ, ಪ್ರೊಂಟೋರ್ ಮತ್ತು ಕಾಂಪೂರ್ ಎಂಬ ಎರಡು ಜರ್ಮನ್ ಷಟರ್‌ಗಳ ಹೆಸರು! ಫ್ಲ್ಯಾಶಿನಲ್ಲಿ ಆ ಸಾಕೆಟ್ ಇಲ್ಲದಿದ್ದರೆ ನಡುವೆ ಒಂದು ಅಡಾಪ್ಟರ್ ಸಾಕು.

ಎಡವಟ್ಟಾಗುವುದು 'ಎಮ್' ಅಕ್ಷರದಲ್ಲಿ. ಫ್ಲ್ಯಾಶಿನ ಮೇಲೆ ಎಮ್ ಅಂದರೆ ಮ್ಯಾನ್ಯುಯಲ್. ಅದನ್ನೇ ಇಡಿ, ಏಕೆಂದರೆ ಈಗಿನ ಟಿಟಿಎಲ್ ಭಾಷೆ ಈ ಕ್ಯಾಮೆರಾಕ್ಕೆ ತಿಳಿಯದು. ಕ್ಯಾಮೆರಾದ ಮೇಲೂ ಎಮ್ ಇದೆ, ಅದರ ಅರ್ಥ ಬೇರೆ. ಅದು ಒಂದೇ ಸಲ ಉರಿದುಹೋಗುತ್ತಿದ್ದ ಫ್ಲ್ಯಾಶ್ ಬಲ್ಬುಗಳ ಕಾಲದ್ದು. ಆ ಬಲ್ಬು ಪೂರ್ತಿ ಬೆಳಗಲು ಸೆಕೆಂಡಿನ ಸುಮಾರು ಐವತ್ತನೇ ಒಂದು ಭಾಗ ಹಿಡಿಯುತ್ತಿತ್ತು. ಹಾಗಾಗಿ ಷಟರ್ ತೆರೆಯುವ ಮುನ್ನವೇ ಅದಕ್ಕೆ ಕಿಡಿ ತಾಗಿಸುತ್ತಿದ್ದರು. ಎಲೆಕ್ಟ್ರಾನಿಕ್ ಫ್ಲ್ಯಾಶ್‌ಗೆ ಅಷ್ಟು ಪುರುಸೊತ್ತೆಲ್ಲಿದೆ? ಷಟರ್ ತೆರೆಯುವಷ್ಟರಲ್ಲಿ ಮಿಂಚಿ ಮುಗಿದಿರುತ್ತದೆ. ಎಲೆ ಹಾಕುವ ಮೊದಲೇ ಬಡಿಸಿದ ಹಾಗೆ! ಫ್ಲ್ಯಾಶ್ ಹೊಳೆದದ್ದನ್ನು ಎಲ್ಲರೂ ನೋಡಿರುತ್ತಾರೆ, ಫಿಲ್ಮ್ ಮಾತ್ರ ನೋಡಿರುವುದಿಲ್ಲ. 120 ರೋಲಿನಲ್ಲಿ ಇರುವುದೇ 12 ಚಿತ್ರ, ಹನ್ನೆರಡೂ ಕತ್ತಲೆ. ತೊಟ್ಟಿಲ ಶಾಸ್ತ್ರವನ್ನು ಮತ್ತೆ ಮಾಡಿಸಲಾದೀತೆ? ಕ್ಯಾಮೆರಾದ ಸನ್ನೆಯನ್ನು 'ಎಕ್ಸ್' ಕಡೆಗೇ ಸರಿಸಿ.

ಈ ಕ್ಯಾಮೆರಾದ ಷಟರ್ ಲೆನ್ಸಿನೊಳಗೇ ಇರುವುದರಿಂದ 1/500ರವರೆಗೆ ಯಾವ ವೇಗವಾದರೂ ನಡೆಯುತ್ತದೆ. ಪೆಂಟಾಕ್ಸ್ ಕೆ1000 ಥರದ ಪರದೆ ಷಟರ್ ಆದರೆ 1/60 ದಾಟಬೇಡಿ, ಅರ್ಧ ಚಿತ್ರ ಕಪ್ಪಾಗುತ್ತದೆ.

ಇನ್ನು ಬೆಳಕಿನ ಲೆಕ್ಕ, ಬಾಯಿಲೆಕ್ಕ. ಫ್ಲ್ಯಾಶಿನ ಗೈಡ್ ನಂಬರನ್ನು ದೂರದಿಂದ ಭಾಗಿಸಿ. 100 ಐಎಸ್‌ಒ ಫಿಲ್ಮಿಗೆ, ಮೀಟರಿನ ಲೆಕ್ಕದಲ್ಲಿ ಗೈಡ್ ನಂಬರ್ 32, ತೊಟ್ಟಿಲು 4 ಮೀಟರ್ ದೂರ ಎಂದರೆ ಎಫ್ 8. ಫಿಲ್ಮ್ 400 ಆದರೆ ಎಫ್ 16. ಇಲ್ಲವೇ ಫ್ಲ್ಯಾಶಿನ ಶಕ್ತಿಯನ್ನು ಕಾಲು ಭಾಗಕ್ಕಿಳಿಸಿ ಎಫ್ 8ರಲ್ಲೇ ಇರಿ. ಹಸುಗೂಸಿನ ಮುಂದೆ ನನಗಂತೂ ಈ ಎರಡನೆಯದೇ ಇಷ್ಟ.

ಹಿಂದಿನ ರಾತ್ರಿಯೇ ಒಮ್ಮೆ ಪರೀಕ್ಷಿಸಿ. ಫಿಲ್ಮ್ ಹಾಕದೆ ಹಿಂಬಾಗಿಲು ತೆರೆದು, ಅಪರ್ಚರ್ ಪೂರ್ತಿ ಅಗಲಿಸಿ, ಫ್ಲ್ಯಾಶನ್ನೂ ಲೆನ್ಸನ್ನೂ ಬಿಳಿ ಗೋಡೆಗೆ ಹಿಡಿಯಿರಿ. ಹಿಂದಿನಿಂದ ಲೆನ್ಸಿನೊಳಗೆ ನೋಡುತ್ತಾ ಗುಂಡಿ ಒತ್ತಿ. ದುಂಡನೆಯ ಬೆಳಕು ಇಡಿಯಾಗಿ ಕಂಡರೆ ರೋಲ್ ಹಾಕಬಹುದು. ಕತ್ತಲೆಯಾದರೆ, ಮೊದಲು ಆ ಸನ್ನೆ ಎಲ್ಲಿದೆ ನೋಡಿ.