ಡಿಎಂ ಎಂದರೆ ಯಾವ ದೇಶ?



ಹ್ಯಾಮ್ ರೇಡಿಯೋ ಲೈಸೆನ್ಸ್ ಪಡೆದ ಪ್ರತಿಯೊಬ್ಬರಿಗೂ ಒಂದು ಕರೆಸಂಕೇತ ಇರುತ್ತದೆ. ವಿಯು2, ವಿಯು3 ಎಂದು ಶುರುವಾದರೆ ಭಾರತದವರು, 4ಎಸ್7 ಎಂದರೆ ಶ್ರೀಲಂಕಾದವರು. ಈ ಆರಂಭದ ಅಕ್ಷರಗಳೇ ಪ್ರಿಫಿಕ್ಸ್. ಹಿಂದೆ ಹ್ಯಾಮ್‌ಗಳು ಇದನ್ನು ಕೇಳಿ, ಗೋಡೆಗೆ ಅಂಟಿಸಿದ ಪಟ್ಟಿ ನೋಡಿ, ಲಾಗ್ ಪುಸ್ತಕದಲ್ಲಿ ದೇಶದ ಹೆಸರು ಬರೆಯುತ್ತಿದ್ದರು. ಈಗ ಕರೆಸಂಕೇತ ಟೈಪ್ ಮಾಡಿದರೆ ಸಾಕು, ಲಾಗಿಂಗ್ ತಂತ್ರಾಂಶವೇ ದೇಶವನ್ನು ತೋರಿಸುತ್ತದೆ. ಪಟ್ಟಿ ಗೋಡೆಯಿಂದ ಕಂಪ್ಯೂಟರಿನೊಳಗೆ ಹೋಗಿದೆ, ಅಷ್ಟೆ. ಅದನ್ನು ಆಗಾಗ ತಿದ್ದಲೇಬೇಕು.

ದೇಶಗಳಿಗೆ ಅಕ್ಷರ ಹಂಚುವ ಕೆಲಸಕ್ಕೆ 1912ರ ಲಂಡನ್ ಸಮ್ಮೇಳನದಲ್ಲೇ ರೂಪ ಬಂದಿತ್ತು. ಹವ್ಯಾಸಿಗಳ ಕರೆಸಂಕೇತಗಳೂ ಆ ವ್ಯವಸ್ಥೆಯೊಳಗೆ ಬಂದದ್ದು 1927ರ ವಾಷಿಂಗ್ಟನ್ ಸಮ್ಮೇಳನದ ನಂತರ. ಆಮೇಲೆ ಇನ್ನೊಂದು ಪ್ರಶ್ನೆ ಎದ್ದಿತು: ಎಷ್ಟು ದೇಶಗಳ ಜೊತೆ ಮಾತಾಡಿದ್ದೇನೆ ಎಂದು ಎಣಿಸುವಾಗ ಯಾವುದನ್ನು ದೇಶ ಎನ್ನಬೇಕು? 1935ರ ಅಕ್ಟೋಬರ್‌ನಲ್ಲಿ ಅಮೆರಿಕದ ಕ್ಯೂಎಸ್‌ಟಿ ಎಂಬ ಹ್ಯಾಮ್ ಪತ್ರಿಕೆಯಲ್ಲಿ ಕ್ಲಿಂಟನ್ ಡಿಸೋಟೋ ಉತ್ತರ ಕೊಟ್ಟರು. ಭೂಗೋಳದಿಂದಲೋ ರಾಜಕೀಯದಿಂದಲೋ ಪ್ರತ್ಯೇಕವಾಗಿರುವ ಪ್ರತಿ ಘಟಕವೂ ಒಂದು ದೇಶ. 1937ರಲ್ಲಿ ಹುಟ್ಟಿದ ಡಿಎಕ್ಸ್‌ಸಿಸಿ ಪ್ರಶಸ್ತಿ ಇದರ ಮೇಲೆಯೇ ನಿಂತಿದೆ. ನಮ್ಮ ಅಂಡಮಾನ್ ವಿಯು4 ಆಗಿ, ಲಕ್ಷದ್ವೀಪ ವಿಯು7 ಆಗಿ ಬೇರೆಬೇರೆ ಲೆಕ್ಕಕ್ಕೆ ಸೇರುವುದೂ ಹೀಗೆಯೇ.

ಆದರೆ ರಾಜಕೀಯ ನಿಂತ ನೀರಲ್ಲ. ಕಾರವಾರದ ಪಕ್ಕದ ಗೋವಾವನ್ನೇ ನೋಡಿ. ಪೋರ್ಚುಗೀಸರ ಕಾಲದಲ್ಲಿ ಅದರ ಪ್ರಿಫಿಕ್ಸ್ ಸಿಆರ್8, ಡಿಎಕ್ಸ್‌ಸಿಸಿಯಲ್ಲಿ ಅದೊಂದು ಪ್ರತ್ಯೇಕ ದೇಶ. 1961ರ ಡಿಸೆಂಬರ್ ಮುಗಿಯುವವರೆಗಿನ ಸಂಪರ್ಕಗಳಿಗೆ ಮಾತ್ರ ಆ ಮಾನ್ಯತೆ. ಫ್ರೆಂಚರ ಪುದುಚೇರಿಯ ಎಫ್ಎನ್8 ಅದಕ್ಕೂ ಮೊದಲೇ, 1954ರಲ್ಲಿ, ಪಟ್ಟಿಯಿಂದ ಹೋಯಿತು.

ಇನ್ನೂ ತೊಡಕಿನದು ಜರ್ಮನಿಯ ಡಿಎಂ. 1975ರ ಲಾಗಿನಲ್ಲಿ ಡಿಎಂ2 ಎಂದಿದ್ದರೆ ಅದು ಪೂರ್ವ ಜರ್ಮನಿ. 1980ರಿಂದ ಅವರು ವೈ2ಕ್ಕೆ ಬದಲಾದರು. 1990ರ ಅಕ್ಟೋಬರ್ 3ರಂದು ಎರಡೂ ಜರ್ಮನಿಗಳು ಒಂದಾದವು. ಈಗ ಅದೇ ಡಿಎಂ ಏಕೀಕೃತ ಜರ್ಮನಿಯ ಹವ್ಯಾಸಿಗಳ ಕೈಯಲ್ಲಿದೆ. ಅಕ್ಷರ ಅದೇ, ದೇಶ ಬೇರೆ. ತಾರೀಖು ನೋಡದೆ ಇದನ್ನು ಬಿಡಿಸಲಾಗದು.

ಪ್ರಿಫಿಕ್ಸ್ ಪಟ್ಟಿಗೆಂದು ಕಂಪ್ಯೂಟರ್ ಬಳಸುವ ಕಡತಗಳಲ್ಲಿ ಹೆಸರಾದದ್ದು ಸಿಟಿವೈ ಡಾಟ್ ಡ್ಯಾಟ್. 1980ರ ದಶಕದ ಸಿಟಿ ಎಂಬ ಸ್ಪರ್ಧಾ ಲಾಗಿಂಗ್ ತಂತ್ರಾಂಶದಿಂದ ಬಂದದ್ದು. ಸಾದಾ ಅಕ್ಷರಗಳ ಕಡತ, ಯಾರು ಬೇಕಾದರೂ ತೆರೆದು ಓದಬಹುದು. ಭಾರತದ ಸಾಲಿನಲ್ಲಿ ವಲಯ 22, ಇನ್ನೊಂದು ಪದ್ಧತಿಯ ವಲಯ 41, ಖಂಡ ಏಷ್ಯಾ, ಸಮಯ ಮೈನಸ್ 5.5 ಎಂದಿರುತ್ತದೆ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದರೂ ಮೈನಸ್ ಏಕೆ? ಆ ಕಡತದಲ್ಲಿ ಪಶ್ಚಿಮದ ಕಡೆಗೆ ಪ್ಲಸ್ ಎಂಬ ಲೆಕ್ಕ. ಅದರ ಕೆಳಗೆ ವಿಯು, ಎಟಿ, ಎಯು, 8ಟಿ ಹೀಗೆ ನಮ್ಮ ಪಾಲಿನ ಎಲ್ಲ ಪ್ರಿಫಿಕ್ಸ್‌ಗಳು. ಕರೆಸಂಕೇತಕ್ಕೆ ಹೊಂದುವ ಅತಿ ಉದ್ದದ ಪ್ರಿಫಿಕ್ಸನ್ನು ತಂತ್ರಾಂಶ ಆರಿಸುತ್ತದೆ. ಹಾಗಾಗಿ ವಿಯು4 ಬಂದರೆ ವಿಯುವಿನ ಕಡೆ ನೋಡದೆ ಅಂಡಮಾನ್ ಎನ್ನುತ್ತದೆ.

ನಿಯಮಕ್ಕೆ ಸಿಗದವೂ ಇವೆ. ಕೆಜಿ4 ನಂತರ ಎರಡೇ ಅಕ್ಷರವಿದ್ದರೆ ಕ್ಯೂಬಾದ ಗ್ವಾಂಟನಾಮೊ ನೆಲೆ, ಮೂರಿದ್ದರೆ ಅಮೆರಿಕದ ಮುಖ್ಯ ಭೂಮಿ. 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಹುಟ್ಟಿದಾಗ ಜುಬಾದಿಂದ ಎಸ್‌ಟಿ0ಆರ್ ಎಂಬ ಕೇಂದ್ರ ಪ್ರಸಾರಕ್ಕಿಳಿಯಿತು. ಎಸ್‌ಟಿ ಎಂದರೆ ಸುಡಾನ್. ಹೊಸ ದೇಶದ ಜೆಡ್8 ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಇಂಥ ಸಂದರ್ಭಕ್ಕೆಂದೇ ಕಡತದಲ್ಲಿ ಇಡೀ ಕರೆಸಂಕೇತವನ್ನೇ ಸಮ ಚಿಹ್ನೆಯ ನಂತರ ಬರೆಯುತ್ತಾರೆ. ತಿದ್ದುಪಡಿ ಹಾಕಿಕೊಳ್ಳದವರ ತೆರೆಯ ಮೇಲೆ ಅದು ಸುಡಾನ್ ಆಗಿಯೇ ಉಳಿಯುವುದು ಸಹಜ.

ಸಿಟಿವೈ ಡಾಟ್ ಡ್ಯಾಟ್ ಇವತ್ತಿನ ಸ್ಪರ್ಧೆಗಾಗಿ ಮಾಡಿದ್ದು, ಅದಕ್ಕೆ ಇವತ್ತಿನ ನಕಾಶೆ ಸಾಕು. ಹಳೆಯ ಲಾಗ್‌ಗಳಿಗೆ ಅದು ಸಾಲದು. ಪ್ರಿಫಿಕ್ಸ್‌ಗಳಿಗೆ ಆರಂಭ, ಮುಕ್ತಾಯದ ತಾರೀಖು ಇಟ್ಟ, ಕ್ಲಬ್ ಲಾಗ್ ಎಂಬ ಆನ್‌ಲೈನ್ ಸೇವೆಯ ಕಡತವೇ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. ಹೊಸದನ್ನು ಸೇರಿಸುವಾಗ ಹಳೆಯದನ್ನು ಅದು ಅಳಿಸುವುದಿಲ್ಲ. ಮನೆಯ ಹಿರಿಯರ ಲಾಗ್ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಲು ಕುಳಿತವರು ಸಂಕೇತಕ್ಕಿಂತ ಮೊದಲು ಆ ದಿನದ ತಾರೀಖನ್ನು ಟೈಪ್ ಮಾಡಲಿ. ಆಗ ಸಿಆರ್8 ಗೋವಾ ಆಗಿಯೇ ದಾಖಲಾಗುತ್ತದೆ.