ಒಂದು ಹಾಡಿನ ಪಾಠಾಂತರಗಳು

ಹಳಗನ್ನಡ ಕಾವ್ಯಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಪಾಠಾಂತರವೆಂಬುದು ಹೊಸ ಮಾತಲ್ಲ. ಓಲೆಯ ಒಂದು ಪ್ರತಿಯಲ್ಲಿರುವ ಪದ್ಯ ಇನ್ನೊಂದರಲ್ಲಿ ಕಾಣುವುದಿಲ್ಲ. ಒಬ್ಬ ಲಿಪಿಕಾರ ಬಿಟ್ಟ ಸಾಲನ್ನು ಮತ್ತೊಬ್ಬ ಎಲ್ಲಿಂದಲೋ ತಂದು ಕೂಡಿಸಿರುತ್ತಾನೆ. ಕವಿಯ ಕೈಬರಹವೇ ದೊರೆಯದಿರುವಾಗ ಇವುಗಳಲ್ಲಿ ಯಾವುದನ್ನು ಕಾವ್ಯವೆಂದು ಕರೆಯಬೇಕು ಎಂಬುದು ಸಂಪಾದಕನ ನಿದ್ದೆಗೆಡಿಸುವ ಪ್ರಶ್ನೆ. ಈ ಪ್ರಶ್ನೆ ಓಲೆಗರಿಯ ಕಾಲಕ್ಕೇ ಮುಗಿದುಹೋಯಿತೆಂದು ತಿಳಿಯಬೇಕಾಗಿಲ್ಲ. ಯಂತ್ರದಿಂದ ಸಾವಿರಗಟ್ಟಲೆ ಪ್ರತಿಗಳಾಗಿ, ಒಂದರಂತೆ ಒಂದು ಹೊರಬೀಳುವ ಧ್ವನಿಮುದ್ರಿಕೆಯ ಲೋಕದಲ್ಲಿಯೂ ಒಂದು ಹಾಡು ಪಾಠಾಂತರಗಳ ತೊಡಕಿಗೆ ಸಿಕ್ಕಿಕೊಂಡಿತು. ಅದರ ಕಥೆಯನ್ನು ಇಂದು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ.

ಹಾಡು ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಸ್ಯಾನ್ ಹೋಸೆ ನಗರದ ‘ಸ್ಲೀಪ್’ ಎಂಬ ತಂಡದ್ದು. ಹಾಡಿಗೆ ಎರಡು ಹೆಸರುಗಳು. ಒಂದು ‘ಜೆರೂಸಲೇಮ್’, ಇನ್ನೊಂದು ‘ಡೋಪ್‌ಸ್ಮೋಕರ್’. ಎರಡನೆಯದರ ಅರ್ಥವನ್ನು ಬಾನುಲಿಯಲ್ಲಿ ಬಿಡಿಸಿ ಹೇಳಲು ತುಸು ಸಂಕೋಚವೇ. ಆದರೂ ಹೇಳಬೇಕು, ಗಾಂಜಾ ಸೇದುವವನು ಎಂದೇ ಅದರ ಅರ್ಥ. ಹಾಡಿನ ವಸ್ತುವೂ ಅದಕ್ಕೆ ತಕ್ಕದ್ದು. ಧೂಮದ ಆರಾಧಕರಾದ ಯಾತ್ರಿಕರ ತಂಡವೊಂದು ಮರುಭೂಮಿಯನ್ನು ದಾಟಿ ಪುಣ್ಯಭೂಮಿಯ ಕಡೆಗೆ ನಡೆಯುತ್ತದೆ. ಕಥೆಯೆಂದರೆ ಇಷ್ಟೇ. ಹಾಸ್ಯವೂ ಭಕ್ತಿಯೂ ಇಷ್ಟು ಗಂಭೀರವಾಗಿ ಬೆರೆತುಹೋದಾಗ ಕೇಳುವವನಿಗೆ ನಗಬೇಕೋ ಕೈಮುಗಿಯಬೇಕೋ ತಿಳಿಯದಂತಾಗುತ್ತದೆ. ನನಗಂತೂ ಅದು ಹಾಡಿನ ದೋಷವೆಂದು ತೋರಿಲ್ಲ.

ಈ ಬಗೆಯ ಸಂಗೀತಕ್ಕೆ ಅವರು ‘ಡೂಮ್ ಮೆಟಲ್’ ಎನ್ನುತ್ತಾರೆ. ಅದರ ಮೂಲವನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹುಡುಕಬೇಕು. ಅಲ್ಲಿನ ‘ಬ್ಲ್ಯಾಕ್ ಸಬತ್’ ತಂಡದ ಮೊದಲ ಮುದ್ರಿಕೆ ಹೊರಬಂದದ್ದು 1970ರಲ್ಲಿ. ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಬಲಗೈಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಆತ ಎಡಗೈಯವನಾದ್ದರಿಂದ ತಂತಿಯನ್ನು ಒತ್ತಬೇಕಾದದ್ದು ಅದೇ ಬಲಗೈ. ಆತ ಬೆರಳುಗಳಿಗೆ ಕೃತಕ ತುದಿಗಳನ್ನು ತೊಡಿಸಿಕೊಂಡ. ತೆಳುವಾದ ತಂತಿಗಳನ್ನು ಕಟ್ಟಿದ. 1971ರ ಹೊತ್ತಿಗೆ ತಂತಿಗಳ ಬಿಗಿಯನ್ನೇ ಸಡಿಲಿಸಿ ಶ್ರುತಿಯನ್ನು ಮೂರು ಸ್ವರಸ್ಥಾನ ಕೆಳಗಿಳಿಸಿದ. ಗಾಯಗೊಂಡ ಕೈಗೆ ಅನುಕೂಲವಾದ ಆ ಇಳಿಶ್ರುತಿ ಮುಂದೆ ಒಂದು ಪರಂಪರೆಯ ಲಕ್ಷಣವಾಯಿತು. ತಗ್ಗಿದ ಶ್ರುತಿ, ವಿಲಂಬ ಕಾಲ, ಮರಳಿ ಮರಳಿ ಬರುವ ಒಂದು ಭಾರವಾದ ಸ್ವರಗುಚ್ಛ: ಇದನ್ನು ಅವರು ‘ರಿಫ್’ ಎನ್ನುತ್ತಾರೆ. ಸ್ಲೀಪ್ ತಂಡ ಇದೇ ದಾರಿಯಲ್ಲಿ ಇನ್ನೂ ಒಂದು ಮೆಟ್ಟಿಲು ಇಳಿಯಿತು. ಅವರದು ನಾಲ್ಕು ಸ್ವರಸ್ಥಾನ.

ತಂಡದಲ್ಲಿ ಇದ್ದವರು ಮೂವರು. ಬೇಸ್ ಗಿಟಾರ್ ನುಡಿಸಿ ಹಾಡುವ ಆಲ್ ಸಿಸ್ನೆರೋಸ್, ಗಿಟಾರಿನ ಮ್ಯಾಟ್ ಪೈಕ್, ಡ್ರಮ್ಸ್ ಬಾರಿಸುವ ಕ್ರಿಸ್ ಹೇಕಿಯಸ್. ಮೊದಲಿಗೆ ಜಸ್ಟಿನ್ ಮಾರ್ಲರ್ ಎಂಬ ನಾಲ್ಕನೆಯವನೂ ಇದ್ದ. ಮೊದಲ ಮುದ್ರಿಕೆಯ ಅನಂತರ ಆತ ತಂಡವನ್ನು ತೊರೆದು ಆರ್ಥೊಡಾಕ್ಸ್ ಕ್ರೈಸ್ತ ಮಠವನ್ನು ಸೇರಿದ. ಪುಣ್ಯಭೂಮಿಯ ಮಾತು ಅವರಲ್ಲಿ ಬರಿಯ ಅಲಂಕಾರವಾಗಿರಲಿಲ್ಲ ಎಂಬುದಕ್ಕೆ ಇದೂ ಒಂದು ಸಾಕ್ಷಿಯೇನೋ. 1992ರಲ್ಲಿ ಇಂಗ್ಲೆಂಡಿನ ‘ಇಯರೇಕ್’ ಸಂಸ್ಥೆ ಅವರ ‘ಸ್ಲೀಪ್ಸ್ ಹೋಲಿ ಮೌಂಟನ್’ ಎಂಬುದನ್ನು ಹೊರತಂದಿತು. ಅದಕ್ಕೆ ದೊರೆತ ಮನ್ನಣೆಯನ್ನು ಕಂಡು ದೊಡ್ಡ ಸಂಸ್ಥೆಯಾದ ‘ಲಂಡನ್ ರೆಕಾರ್ಡ್ಸ್’ ಇವರೊಡನೆ ಕರಾರು ಮಾಡಿಕೊಂಡಿತು. ಮುಂಗಡ ಹಣ ಕೈಸೇರಿತು. ಅದರಲ್ಲಿ ಬಹುಭಾಗವನ್ನು ಅವರು ವಾದ್ಯಗಳಿಗೂ ಧ್ವನಿವರ್ಧಕಗಳಿಗೂ ಸುರಿದು, ವರ್ಷಗಳಿಂದ ಕಟ್ಟುತ್ತ ಬಂದಿದ್ದ ಒಂದೇ ಹಾಡನ್ನು ತೊಂಬತ್ತರ ದಶಕದ ನಡುವೆ ಬಿಲ್ಲಿ ಆಂಡರ್ಸನ್ ಅವರ ಮೇಲ್ವಿಚಾರಣೆಯಲ್ಲಿ ಧ್ವನಿಮುದ್ರಿಸಿದರು. ಹಾಡಿನ ಉದ್ದ ಒಂದು ಗಂಟೆಯ ಮೇಲೆ ಮೂರು ನಿಮಿಷ ಚಿಲ್ಲರೆ.

ಸಂಸ್ಥೆಯವರು ಏನು ಮಾಡಿಯಾರು? ಮೂರು ನಿಮಿಷದ ತುಣುಕನ್ನು ಬಾನುಲಿಗೆ ಕೊಟ್ಟು ಮುದ್ರಿಕೆಯನ್ನು ಮಾರುವುದು ಅವರ ವ್ಯಾಪಾರದ ಕ್ರಮ. ಈ ಹಾಡಿನಲ್ಲಿ ಹಾಡುಗಾರನ ಕಂಠ ಕೇಳಿಬರುವುದೇ ಎಂಟು ನಿಮಿಷಗಳಾದ ಮೇಲೆ. ಡೇವಿಡ್ ಸಾರ್ಡಿ ಎಂಬವರಿಂದ ಬೇರೊಂದು ಮಿಶ್ರಣವನ್ನು ಮಾಡಿಸಿದ್ದಾಯಿತು, ಮೊಟಕುಗೊಳಿಸಿದ್ದಾಯಿತು. ಕೊನೆಗೆ ಸಂಸ್ಥೆ ಅದನ್ನು ಹೊರತರಲೇ ಇಲ್ಲ. ತಂಡವೂ ಒಡೆಯಿತು. ಯೌವನದ ನಾಲ್ಕಾರು ವರ್ಷಗಳನ್ನು ಒಂದು ಕೃತಿಗೆ ತೆತ್ತವರು ಅದು ಕಪಾಟಿನಲ್ಲಿ ಕುಳಿತದ್ದನ್ನು ನೋಡಿ ಮೂರು ದಿಕ್ಕಿಗೆ ಹೋದರು.

ಪಾಠಾಂತರದ ಕಥೆ ಇಲ್ಲಿಂದ ಮುಂದಿನದು. 1998ರ ಸುಮಾರಿಗೆ ಕಳ್ಳಪ್ರತಿಗಳು ಕೈಯಿಂದ ಕೈಗೆ ದಾಟತೊಡಗಿದವು. 1999ರಲ್ಲಿ ಇಂಗ್ಲೆಂಡಿನ ‘ರೈಸ್ ಅಬವ್’ ಮತ್ತು ಅಮೆರಿಕದ ‘ಮ್ಯೂಸಿಕ್ ಕಾರ್ಟೆಲ್’ ಎಂಬ ಸಣ್ಣ ಸಂಸ್ಥೆಗಳು ‘ಜೆರೂಸಲೇಮ್’ ಎಂಬ ಹೆಸರಿನಲ್ಲಿ ಸಿ.ಡಿ.ಯನ್ನು ಪ್ರಕಟಿಸಿದವು. ಇದು ಐವತ್ತೆರಡು ನಿಮಿಷದ ಹ್ರಸ್ವಪಾಠ. ಒಂದೇ ಹಾಡನ್ನು ಇಲ್ಲಿ ಆರು ಭಾಗಗಳಾಗಿ ಎಣಿಸಿದ್ದಾರೆ. ಕಿವಿಗೆ ಎಲ್ಲಿಯೂ ಬಿರುಕು ಕೇಳುವುದಿಲ್ಲ. ಯಂತ್ರದ ಕಿಂಡಿಯಲ್ಲಿ ಒಂದು, ಎರಡು, ಮೂರು ಎಂದು ಅಂಕೆ ಬದಲಾಗುತ್ತದೆ, ಅಷ್ಟೆ. ಗದ್ಯವಾಗಿ ಹರಿದ ವಚನಕ್ಕೆ ಪ್ರಕಾಶಕರು ಪದ್ಯಸಂಖ್ಯೆ ಹಾಕಿದಂತೆ. ಆದರೆ ಅಂಕೆಗೂ ಒಂದು ಬಲವುಂಟು. ಅಂಕೆಯಿದ್ದರೆ ಅಲ್ಲಿಗೆ ಹಾರಬಹುದು. ಮರುಭೂಮಿಯ ಯಾತ್ರೆಯಲ್ಲಿ ನಡುವೆ ಐದು ಬಸ್ ನಿಲ್ದಾಣಗಳನ್ನು ಕಟ್ಟಿದಂತಾಯಿತು.

2003ರಲ್ಲಿ ‘ಟೀ ಪೀ ರೆಕಾರ್ಡ್ಸ್’ ಸಂಸ್ಥೆ ‘ಡೋಪ್‌ಸ್ಮೋಕರ್’ ಎಂಬ ಹೆಸರಿನಲ್ಲಿ ದೀರ್ಘಪಾಠವನ್ನು ತಂದಿತು. ಅರವತ್ತಮೂರೂವರೆ ನಿಮಿಷ, ಒಂದೇ ಅಂಕೆ. ಜೊತೆಗೆ, ಸಭೆಯಲ್ಲಿ ನುಡಿಸಿದ ‘ಸಾನಿಕ್ ಟೈಟನ್’ ಎಂಬ ಇನ್ನೊಂದು ಹಾಡು. 2012ರಲ್ಲಿ ‘ಸದರ್ನ್ ಲಾರ್ಡ್’ ಸಂಸ್ಥೆಯವರು ಧ್ವನಿಯನ್ನು ಮತ್ತೆ ಹದಗೊಳಿಸಿ, ಆರಿಕ್ ರೋಪರ್ ಎಂಬ ಚಿತ್ರಕಾರನಿಂದ ಮರುಭೂಮಿಯ ಯಾತ್ರಿಕರ ಹೊಸ ಮುಖಚಿತ್ರ ಬರೆಯಿಸಿ ಇನ್ನೊಂದು ಆವೃತ್ತಿ ತಂದರು. ‘ಸಾನಿಕ್ ಟೈಟನ್’ ಹೋಗಿ ಆ ಜಾಗಕ್ಕೆ ‘ಹೋಲಿ ಮೌಂಟನ್’ ಬಂತು. 2022ರಲ್ಲಿ ‘ಥರ್ಡ್ ಮ್ಯಾನ್’ ಸಂಸ್ಥೆಯ ಆವೃತ್ತಿಯಲ್ಲಿ ‘ಹಾಟ್ ಲಾವ ಮ್ಯಾನ್’ ಎಂಬುದು ಸೇರಿತು. ದೊಡ್ಡ ಹಾಡು ಇದ್ದಲ್ಲಿಯೇ ಇರುತ್ತದೆ, ಪಕ್ಕದ ಮನೆಯ ಬಾಡಿಗೆದಾರ ಮಾತ್ರ ಬದಲಾಗುತ್ತಾನೆ. ಇದರ ಹಿಂದೆ ಒಂದು ಕಾರಣವುಂಟು, ಅದು ಎಲ್.ಪಿ. ತಟ್ಟೆಯ ಮೈಕಟ್ಟಿಗೆ ಸಂಬಂಧಪಟ್ಟದ್ದು.

ತಟ್ಟೆಯ ಮೇಲಿನ ಗೀರನ್ನು ಭೂತಗನ್ನಡಿಯಿಂದ ನೋಡಿದವರು ಬಲ್ಲರು: ಸ್ವರ ತಗ್ಗಿದಷ್ಟೂ, ನಾದ ದೊಡ್ಡದಾದಷ್ಟೂ ಗೀರು ಅತ್ತಿತ್ತ ಹೆಚ್ಚು ತೊನೆಯುತ್ತದೆ, ಹೆಚ್ಚು ಅಗಲ ಜಾಗ ಬೇಡುತ್ತದೆ. ಮೆಲುದನಿಯ ಸಂಗೀತವಾದರೆ ಒಂದು ಮಗ್ಗುಲಲ್ಲಿ ಅರ್ಧ ಗಂಟೆಯನ್ನು ಹೇಗೋ ಅಡಗಿಸಬಹುದು. ನಾಲ್ಕು ಸ್ವರಸ್ಥಾನ ಇಳಿಸಿದ ಈ ಘೋರನಾದಕ್ಕೆ ಇಪ್ಪತ್ತು ಇಪ್ಪತ್ತೆರಡು ನಿಮಿಷವೇ ಹೆಚ್ಚು. ಇನ್ನೊಂದು ತೊಡಕೂ ಇದೆ. ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದರಷ್ಟು ಸುತ್ತು ಸುತ್ತುವಾಗ, ಹೊರ ಅಂಚಿನಲ್ಲಿ ಮುಳ್ಳು ಒಂದು ಸುತ್ತಿಗೆ ಸುಮಾರು 90 ಸೆಂಟಿಮೀಟರ್ ಕ್ರಮಿಸುತ್ತದೆ. ಒಳಗೆ ಹೆಸರಿನ ಚೀಟಿಯ ಬಳಿ ಬಂದಾಗ 40 ಸೆಂಟಿಮೀಟರ್ ಕೂಡ ಇಲ್ಲ. ಅಷ್ಟೇ ಕಾಲವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆಯಬೇಕು. ಆದ್ದರಿಂದ ಪ್ರತಿ ಮಗ್ಗುಲಿನ ಕೊನೆಗೆ ನಾದ ತುಸು ಮಂಕಾಗುತ್ತದೆ. ಅಂತೂ ನಮ್ಮ ಹಾಡು ಮೂರು ಮಗ್ಗುಲುಗಳನ್ನು ಹಿಡಿಯುತ್ತದೆ. ತಟ್ಟೆಗಳು ಎರಡು, ಮಗ್ಗುಲು ನಾಲ್ಕು. ನಾಲ್ಕನೆಯದನ್ನು ಬೋಳಾಗಿ ಬಿಡಲು ಮನಸ್ಸು ಒಪ್ಪದೆ ಇನ್ನೊಂದು ಹಾಡನ್ನು ಕರೆತರುತ್ತಾರೆ.

ನಮ್ಮ ಸಂಗೀತಕ್ಕೂ ಈ ಕಷ್ಟ ಬಂದದ್ದೇ. 1902ರಲ್ಲಿ ಕಲ್ಕತ್ತೆಯಲ್ಲಿ ಗೋಹರ್ ಜಾನ್ ತಟ್ಟೆಗೆ ಹಾಡಿದಾಗ ರಾಗಕ್ಕೆ ಸಿಕ್ಕಿದ್ದು ಮೂರು ನಿಮಿಷ ಚಿಲ್ಲರೆ. ಆಕೆ ಕೊನೆಯ ದಿನಗಳನ್ನು ಮೈಸೂರಿನ ಅರಮನೆಯ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೆ ಆಕೆಗೂ ಆಕೆಯ ಅನಂತರದ ಗವಾಯಿಗಳಿಗೂ ಒಂದು ಅನುಕೂಲವಿತ್ತು: ರಾಗ ಹಿಗ್ಗಬಲ್ಲದು, ಕುಗ್ಗಬಲ್ಲದು. ಆಲಾಪವನ್ನು ಮೊಟಕುಮಾಡಿ ನೇರವಾಗಿ ಬಂದಿಶಿಗೆ ಬಂದರೂ ರಾಗದ ಮುಖ ಕಾಣುತ್ತದೆ. ಸ್ಲೀಪ್ ತಂಡದ ಹಾಡಿಗೆ ಆ ಸೌಲಭ್ಯವಿಲ್ಲ. ಅದರ ಸ್ವರಸಂಪತ್ತು ಬಹಳ ಕಡಮೆ. ಹತ್ತು ನಿಮಿಷ ಕೇಳಿದವನಿಗೆ ಅದು ಬರಿಯ ಗದ್ದಲ. ನಲವತ್ತನೆಯ ನಿಮಿಷದ ಹೊತ್ತಿಗೆ ಅದೇ ರಿಫ್ ಬೇರೆಯೇ ಆಗಿ ಕೇಳುತ್ತದೆ; ಬದಲಾದದ್ದು ರಿಫ್ ಅಲ್ಲ, ನಮ್ಮ ಕಿವಿ. ಉದ್ದವೇ ಇಲ್ಲಿ ವಸ್ತು. ಹಾಗಾಗಿ ಹನ್ನೊಂದು ನಿಮಿಷವನ್ನು ತೆಗೆದದ್ದು ಸಂಕ್ಷೇಪವೆನ್ನಿಸದೆ ಯಾತ್ರೆಯ ಹಾದಿಯನ್ನೇ ಕತ್ತರಿಸಿದಂತಾಗುತ್ತದೆ.

ನನ್ನ ಅಕ್ಕನ ಮಗ ತಂದುಕೊಟ್ಟ ಮೂರು ಪಾಠಗಳು ನನ್ನ ಬಳಿ ಇವೆ: 1999ರ ಸಿ.ಡಿ., 2003ರ ಸಿ.ಡಿ., 2012ರ ಎಲ್.ಪಿ. ನೋಡಲು ಮೂರನೆಯದರಷ್ಟು ಸೊಗಸಾದದ್ದು ಇನ್ನೊಂದಿಲ್ಲ. ಹೊದಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಆ ಯಾತ್ರಿಕರನ್ನು ನೋಡುತ್ತ ಕೂರಬಹುದು. ಆದರೆ ಇಪ್ಪತ್ತೊಂದು ನಿಮಿಷಕ್ಕೊಮ್ಮೆ ಎದ್ದು ಹೋಗಬೇಕು. ಮುಳ್ಳನ್ನು ಎತ್ತಿ, ತಟ್ಟೆಯನ್ನು ಮಗುಚಿ, ಧೂಳು ಒರಸಿ ಮತ್ತೆ ಇಡುವಷ್ಟರಲ್ಲಿ ಕಟ್ಟಿದ್ದ ಮೌನ ಕಳಚಿ ಬಿದ್ದಿರುತ್ತದೆ. ಎಲ್.ಪಿ.ಯ ನಾದವೇ ಶ್ರೇಷ್ಠವೆಂದು ವಾದಿಸುವ ರಸಿಕರು ಬಹಳ ಮಂದಿ. ಬೇರೆ ಮುದ್ರಿಕೆಗಳ ವಿಷಯದಲ್ಲಿ ನಾನೂ ಅವರ ಪಕ್ಷವೇ. ಈ ಹಾಡಿಗೆ ಮಾತ್ರ, 1982ರಲ್ಲಿ ಮಾರುಕಟ್ಟೆಗೆ ಬಂದ, ಎಪ್ಪತ್ತನಾಲ್ಕು ನಿಮಿಷ ಹಿಡಿಯಬಲ್ಲ ಆ ಹನ್ನೆರಡು ಸೆಂಟಿಮೀಟರಿನ ಬೆಳ್ಳಿಬಣ್ಣದ ಬಿಲ್ಲೆಯೇ ಹೇಳಿಮಾಡಿಸಿದ ಮನೆ. ಅದು ಬರುವ ಮೊದಲು ತಟ್ಟೆಯ ಮೇಲೆ ಈ ಹಾಡು ಇಡಿಯಾಗಿ ಇರಲು ಸಾಧ್ಯವೇ ಇರಲಿಲ್ಲ.

ಹಾಗೆಂದರೆ 2003ರ ದೀರ್ಘಪಾಠವೇ ಮೂಲವೇ? ಸಂಪಾದಕನ ಬುದ್ಧಿ ಇಲ್ಲಿ ತಡೆಯುತ್ತದೆ. ಮುದ್ರಣಶಾಲೆಯ ಟೇಪಿನ ಒಂದು ಸುರುಳಿಯಲ್ಲಿ ಒಂದು ಗಂಟೆ ಹಿಡಿಸುವುದಿಲ್ಲ. ಹಾಡನ್ನು ಖಂಡಖಂಡವಾಗಿ ನುಡಿಸಿ ಆಮೇಲೆ ಬೆಸೆಯಬೇಕಾಯಿತು. ಅಖಂಡವೆಂದು ನಾವು ಕೊಂಡಾಡುವ ಪಾಠವೂ ಹೊಲಿಗೆ ಹಾಕಿದ್ದೇ. ಹೊಲಿಗೆ ಕಾಣದಷ್ಟು ನಯವಾಗಿದೆ, ಅಷ್ಟೆ. ಇನ್ನೊಂದು ಕಡೆ, ಸಂಗ್ರಾಹಕರು ಈಗ ಕಡೆಗಣಿಸುವ 1999ರ ಹ್ರಸ್ವಪಾಠಕ್ಕೆ ನಾನು ಹೆಚ್ಚಿನ ಗೌರವ ಕೊಡುತ್ತೇನೆ. ನಾಲ್ಕು ವರ್ಷ ಲೋಕದ ಕೈಗೆ ಸಿಕ್ಕಿದ್ದು ಅದೊಂದೇ. ದೊಡ್ಡ ಸಂಸ್ಥೆ ಕೈಬಿಟ್ಟಿದ್ದನ್ನು ಸಣ್ಣವರು ಎತ್ತಿಕೊಂಡರು. ಹಾಡಿನ ಕೀರ್ತಿ ಹಬ್ಬಿದ್ದು ಆ ಹರಕು ಪ್ರತಿಯಿಂದಲೇ. ತ್ರುಟಿತವಾದ ಒಂದೇ ಓಲೆಪ್ರತಿಯಿಂದ ಬದುಕಿಕೊಂಡ ಕಾವ್ಯಗಳನ್ನು ಬಲ್ಲ ನಾವು ಅಂಥದನ್ನು ಹೀಗಳೆಯಲಾರೆವು.

ಆ ಮೂವರ ವಿಷಯವನ್ನೂ ಹೇಳಬೇಕು. ಪೈಕ್ ‘ಹೈ ಆನ್ ಫೈರ್’ ಎಂಬ ತಂಡ ಕಟ್ಟಿದ. 2019ರಲ್ಲಿ ಆ ತಂಡಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಸಿಸ್ನೆರೋಸ್ ಮತ್ತು ಹೇಕಿಯಸ್ ಸೇರಿ 2003ರಲ್ಲಿ ಇನ್ನೊಂದು ತಂಡ ಕಟ್ಟಿ ಅದಕ್ಕೆ ‘ಓಂ’ ಎಂದು ಹೆಸರಿಟ್ಟರು. ಗಿಟಾರ್ ಇಲ್ಲ, ಬೇಸ್ ಮತ್ತು ಡ್ರಮ್ಸ್ ಎರಡೇ. 2009ರಲ್ಲಿ ಮೂವರೂ ಇಂಗ್ಲೆಂಡಿನ ವೇದಿಕೆಯೊಂದರಲ್ಲಿ ಮತ್ತೆ ಕೂಡಿದರು. ಸ್ವಲ್ಪ ಕಾಲದಲ್ಲಿ ಹೇಕಿಯಸ್ ಹಿಂದೆ ಸರಿದ, ಜೇಸನ್ ರೋಡರ್ ಆ ಸ್ಥಾನಕ್ಕೆ ಬಂದ. 2018ರ ಏಪ್ರಿಲ್ 20ರಂದು ‘ದಿ ಸೈನ್ಸಸ್’ ಎಂಬ ಹೊಸ ಮುದ್ರಿಕೆಯನ್ನು ಯಾವ ಪೂರ್ವಸೂಚನೆಯೂ ಇಲ್ಲದೆ ಹೊರತಂದರು. ಅದರಲ್ಲಿ ಆರು ಹಾಡುಗಳಿವೆ. ಆ ಆರು ಅಂಕೆಗಳನ್ನು ಮಾತ್ರ ಅವರೇ ಹಾಕಿದ್ದು.